ಕೊರಿಯಾದಲ್ಲಿ ಬಾಣಂತನ ಮುಗಿದ್ರೂ ಬಿಡದ ಮೈಕೈ ನೋವು: ಹನುಯಿವೊನ್‌ಗೆ ಹೋಗೋ ಮುಂಚೆ, ಹೋದಾಗ, ಬಂದಮೇಲೆ ಏನೇನು ಮಾಡ್ಬೇಕು

ಸುವಾನ್, ಹ್ವಾಸೊಂಗ್, ಇಛೊನ್, ದೆಜೊನ್ ಕಡೆ ಇರೋ ನಮ್ಮ ಹೆಣ್ಮಕ್ಕಳು ಹೆರಿಗೆ ಆಗಿ ಮೂರ್ನಾಲ್ಕು ತಿಂಗಳಾದ್ಮೇಲೆ ಕೇಳೋದು ಹೆಚ್ಚುಕಮ್ಮಿ ಒಂದೇ. ಮಣಿಕಟ್ಟು ಹಿಡ್ಕೊಂಡಿದೆ, ಸೊಂಟ ಎದ್ದೇಳೋಕೆ ಬಿಡಲ್ಲ, ಫ್ರಿಜ್ ಬಾಗಿಲು ತೆಗೆದ್ರೆ ಸಾಕು ಮೂಳೆ ಒಳಗೆ ಚಳಿ ಹೊಕ್ಕಂಗಾಗುತ್ತೆ, ಆದ್ರೆ ರಾತ್ರಿ ಮಾತ್ರ ಬೆವರು ಸುರಿಯುತ್ತೆ. ಪಕ್ಕದ ಮನೆ ಕೊರಿಯನ್ ಅಜ್ಜಿ ಇದು ಸನ್‌ಹುಪುಂಗ್ (ಹೆರಿಗೆ ಆದ್ಮೇಲೆ ಬರೋ ಇಂಥ ನೋವು, ಚಳಿಗೆ ಕೊರಿಯನ್ನರು ಹೇಳೋ ಹೆಸರು) ಅಂತ ಹೇಳಿ ಹನುಯಿವೊನ್‌ಗೆ, ಅಂದ್ರೆ ಕೊರಿಯನ್ ಪದ್ಧತಿ ವೈದ್ಯರ ಕ್ಲಿನಿಕ್‌ಗೆ ಕಳಿಸಿದ್ರು, ಅಲ್ಲಿ ಕೆಲವು ಲಕ್ಷ ವೊನ್ ಕೊಟ್ಟು ಕಷಾಯದ ಡಬ್ಬ ತಂದಿದ್ದಾಯ್ತು, ಈಗ ಅರ್ಧ ಕುಡಿದು ಮೂಲೇಲಿ ಇಟ್ಟಿದ್ದೀನಿ, ಮುಂದೇನು ಅಂತ.

ಕೊರಿಯನ್ ವೈದ್ಯ ಪದ್ಧತಿ ಕೆಲಸಕ್ಕೆ ಬರಲ್ಲ ಅಂತ ನಾನು ಹೇಳಲ್ಲ. ಸೊಂಟ ಬೆನ್ನು ನೋವಿಗೆ ಸೂಜಿ ಚಿಕಿತ್ಸೆಯಿಂದ (ಅಕ್ಯುಪಂಕ್ಚರ್) ಆರಾಮಾದವರು ಬೇಕಾದಷ್ಟು ಜನ ಇದ್ದಾರೆ. ತಪ್ಪಾಗ್ತಿರೋದು ಕ್ರಮದಲ್ಲಿ. ಮೊದಲು ರಕ್ತ ಪರೀಕ್ಷೆ, ಆಮೇಲೆ ಸೂಜಿ, ಕೊನೇಲಿ ಕಷಾಯ ಅಂತ ಇರಬೇಕಾದದ್ದನ್ನ ನಾವು ಪೂರ್ತಿ ತಲೆಕೆಳಗೆ ಮಾಡ್ತೀವಿ. ಹಾಗಾಗಿ ಕೆಳಗಿನ ಹಂತಗಳನ್ನ ಅದೇ ಸಾಲಲ್ಲೇ ಮಾಡಿ, ನಡುವೆ ಹಾರ್ಬೇಡಿ.

ಹಂತ 1: ಮೊದಲು ಹೆರಿಗೆ ಡಾಕ್ಟರ್, ಆಮೇಲೆ ಮಿಕ್ಕಿದ್ದು

ಸನ್‌ಹುಪುಂಗ್ ಅನ್ನೋದನ್ನ ಯಾವ ಸ್ಕ್ಯಾನೂ ಯಾವ ಬ್ಲಡ್ ಟೆಸ್ಟೂ ತೋರ್ಸಲ್ಲ, ಕೊರಿಯನ್ ವೈದ್ಯರು ಲಕ್ಷಣ ಕೇಳಿ ನಾಡಿ ನೋಡಿ ಹೇಳ್ತಾರೆ. ತೊಂದರೆ ಏನಪ್ಪಾ ಅಂದ್ರೆ ಅದೇ ಚಳಿ, ಅದೇ ಬೆವರು, ಅದೇ ಸುಸ್ತು, ಅದೇ ಕೀಲು ನೋವು ಬೇರೆ ನಾಲ್ಕೈದು ಕಾಯಿಲೆಗೂ ಇರುತ್ತೆ, ಅವುಗಳಿಗೆ ನೇರವಾದ ಔಷಧಿನೂ ಇದೆ.

ಥೈರಾಯ್ಡ್ ಮೊದಲು ನೋಡಿಸಿ. ಹೆರಿಗೆ ಆದ ವರ್ಷದೊಳಗೆ ಕೆಲವರಿಗೆ ಥೈರಾಯ್ಡ್ ಉರಿಯೂತ ಬರುತ್ತೆ, ಸಾಮಾನ್ಯವಾಗಿ ಮೊದಲ ಕೆಲವು ತಿಂಗಳು ಎದೆ ಬಡಿತ, ಬೆವರು, ಕೈ ನಡುಕ ಇದ್ದು ಆಮೇಲೆ ಉಲ್ಟಾ ಹೊಡೆದು ಚಳಿ, ಮಲಬದ್ಧತೆ, ಕೂದಲು ಉದುರೋದು, ಎಷ್ಟು ಮಲಗಿದ್ರೂ ಸುಸ್ತು ಶುರುವಾಗುತ್ತೆ. ಇದನ್ನ ಸನ್‌ಹುಪುಂಗ್ ಅಂದ್ಕೊಂಡು ಕಷಾಯ ಕುಡೀತಾ ಕೂತ್ರೆ ತಿಂಗಳುಗಟ್ಟಲೆ ಸುಮ್ನೆ ಹೋಗುತ್ತೆ. ಜೊತೆಗೆ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) ಮಾಡಿಸಿ, ನಮ್ಮಲ್ಲಿ ಸಸ್ಯಾಹಾರಿಗಳು ಜಾಸ್ತಿ, ಹೆರಿಗೇಲಿ ರಕ್ತ ಹೋಗಿರುತ್ತೆ, ಕಬ್ಬಿಣ ಪಾತಾಳದಲ್ಲಿ ಇರೋದು ಮಾಮೂಲಿ. ವಿಟಮಿನ್ ಡಿ, ಬಿ12 ಕೂಡ ಸೇರಿಸಿ. ಲಿವರ್ ಟೆಸ್ಟ್ ಕೂಡ ಈಗಲೇ ಮಾಡಿಸಿಟ್ಕೊಳ್ಳಿ, ಯಾಕೆ ಅಂತ ಹಂತ 6ರಲ್ಲಿ ಹೇಳ್ತೀನಿ. ಬೆಳಗ್ಗೆ ಎದ್ದಾಗ ಬೆರಳಿನ ಕೀಲುಗಳು ಊದಿ ಅರ್ಧ ಗಂಟೆ ಮೇಲೆ ಬಿಗಿಯಾಗೇ ಇದ್ರೆ ಸಂಧಿವಾತದ ಟೆಸ್ಟ್ ಕೇಳಿ, ಹೆರಿಗೆ ಆದ ತಿಂಗಳುಗಳಲ್ಲಿ ಅದು ಮೊದಲ ಸಲ ಕಾಣಿಸ್ಕೊಳ್ಳೋದು ಉಂಟು. ಗರ್ಭಿಣಿ ಇದ್ದಾಗ ಶುಗರ್ ಇತ್ತು ಅಂದ್ರೆ ಅದನ್ನೂ ಮತ್ತೆ ನೋಡಿಸ್ಬೇಕು.

ಮಣಿಕಟ್ಟು ನೋವಿಗೆ ಮನೇಲೇ ಒಂದು ಪರೀಕ್ಷೆ ಇದೆ. ಹೆಬ್ಬೆರಳನ್ನ ಮುಷ್ಟಿ ಒಳಗೆ ಮಡಚಿ ಕೈಯನ್ನ ಕಿರುಬೆರಳ ಕಡೆಗೆ ನಿಧಾನಕ್ಕೆ ಬಾಗಿಸಿ. ಹೆಬ್ಬೆರಳಿನ ಬುಡದಲ್ಲಿ ಕರೆಂಟ್ ಹೊಡೆದಂಗೆ ನೋವು ಬಂದ್ರೆ ಅದು ಮಗು ಎತ್ತಿ ಎತ್ತಿ ಸ್ನಾಯುರಜ್ಜು ಊದಿರೋದು ಇರಬಹುದು. ಹೆಬ್ಬೆರಳಿಗೂ ಸಪೋರ್ಟ್ ಕೊಡೋ ಮಣಿಕಟ್ಟಿನ ಪಟ್ಟಿ ಹಾಕ್ಕೊಂಡು, ಮಗೂನ ಕಂಕುಳಡಿ ಹೆಬ್ಬೆರಳು ಅಗಲಿಸಿ ಎತ್ತೋದು ಬಿಟ್ಟು ಅಂಗೈ ಕೆಳಗೆ ಕೊಟ್ಟು ಗೋರಿದಂಗೆ ಎತ್ತಿದ್ರೆ ಅರ್ಧ ನೋವು ಅಲ್ಲೇ ಇಳಿಯುತ್ತೆ.

ಇನ್ನು ಹನುಯಿವೊನ್ ಮಾತೇ ಬೇಡ, ಸೀದಾ 119ಕ್ಕೆ ಫೋನ್ ಮಾಡ್ಬೇಕು ಇಲ್ಲಾ ಎಮರ್ಜೆನ್ಸಿಗೆ ಓಡ್ಬೇಕು ಅನ್ನೋ ಲಕ್ಷಣಗಳು ಇವು: ಒಂದು ಗಂಟೇಲಿ ಪ್ಯಾಡ್ ಪೂರ್ತಿ ನೆನೆಯೋಷ್ಟು ಬ್ಲೀಡಿಂಗ್, 38 ಡಿಗ್ರಿ ದಾಟಿದ ಜ್ವರ, ಒಂದೇ ಕಾಲು ಊದಿ ಕೆಂಪಾಗಿ ಮೀನಖಂಡ ನೋಯೋದು, ಎದೆ ನೋವು ಅಥವಾ ಉಸಿರು ಕಟ್ಟೋದು, ಕಣ್ಣು ಮಂಜಾಗೋ ಜೋರು ತಲೆನೋವು, ಬಿಪಿ 160/110 ಮುಟ್ಟೋದು. ಹೆರಿಗೆ ಆಗಿ ಆರು ವಾರದವರೆಗೂ ಬಿಪಿ ಏರಬಹುದು, ಗರ್ಭಿಣಿ ಇದ್ದಾಗ ಸರಿ ಇತ್ತು ಅಂತ ಸುಮ್ನಾಗ್ಬೇಡಿ.

ಮನಸ್ಸಿನದ್ದೂ ಇಲ್ಲೇ ಬರುತ್ತೆ. ದೂರದ ದೇಶ, ಅಮ್ಮ ವೀಸಾ ಮುಗಿದು ವಾಪಸ್ ಹೋಗಿರ್ತಾರೆ, ಗಂಡ ರಾತ್ರಿ ಹತ್ತಕ್ಕೆ ಬರ್ತಾರೆ. ಬಾಣಂತಿಯರ ಖಿನ್ನತೆ ಅಳೆಯೋಕೆ ಎಡಿನ್‌ಬರೋ ಅನ್ನೋ 10 ಪ್ರಶ್ನೆಗಳ ಪಟ್ಟಿ ಇದೆ, ಕನ್ನಡದಲ್ಲೂ ಇದೆ, ಅದನ್ನ ಪ್ರಾಮಾಣಿಕವಾಗಿ ತುಂಬಿ ಡಾಕ್ಟರ್‌ಗೆ ತೋರ್ಸಿ. ನನಗೇ ಏನಾದ್ರೂ ಮಾಡ್ಕೊಳ್ಳೋಣ, ಮಗುಗೆ ಏನಾದ್ರೂ ಆಗಲಿ ಅನ್ನೋ ಯೋಚನೆ ಒಂದು ಸಲ ಬಂದ್ರೂ ಅವತ್ತೇ ಮನೆಯವರಿಗೆ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ. ಅದು ನಿಮ್ಮ ತಪ್ಪಲ್ಲ, ಅದಕ್ಕೆ ಚಿಕಿತ್ಸೆ ಇದೆ.

ಹಂತ 2: ನೀವು ತಗೊಳ್ತಿರೋದೆಲ್ಲ ಒಂದು ಹಾಳೇಲಿ

ಊರಿಂದ ಸೂಟ್‌ಕೇಸ್ ತುಂಬಾ ಬಂದಿರುತ್ತಲ್ಲ, ಬಾಣಂತಿ ಲೇಹ್ಯ, ಸೌಭಾಗ್ಯ ಶುಂಠಿ, ದಶಮೂಲಾರಿಷ್ಟ, ಬಾಣಂತಿ ಖಾರದ ಪುಡಿ, ಅಜ್ಜಿ ಕಟ್ಟಿಕೊಟ್ಟ ಗಂಟುಮೂಟೆ. ಇವನ್ನ ಔಷಧಿ ಅಂತ ನಾವು ಲೆಕ್ಕಕ್ಕೇ ಇಟ್ಕೊಳ್ಳಲ್ಲ, ಏನಾದ್ರೂ ಮಾತ್ರೆ ತಗೊಳ್ತೀರಾ ಅಂತ ಕೇಳಿದ್ರೆ ಇಲ್ಲ ಅಂತೀವಿ. ಶುಂಠಿ, ಮೆಣಸು, ಹಿಪ್ಪಲಿಯ ಲೇಹ್ಯದ ಮೇಲೆ ಅದೇ ಥರ ಉಷ್ಣದ ಕೊರಿಯನ್ ಕಷಾಯನೂ ಬಿದ್ರೆ ಎದೆ ಉರಿ, ಬಾಯಿ ಹುಣ್ಣು, ಮೂಲವ್ಯಾಧಿ ಕಾಡಬಹುದು. ಅರಿಷ್ಟಗಳಲ್ಲಿ ತಾನಾಗೇ ಹುಟ್ಟಿದ ಆಲ್ಕೋಹಾಲ್ ಇರುತ್ತೆ ಅನ್ನೋದೂ ಗೊತ್ತಿರಲಿ. ಭಸ್ಮ, ರಸ (ಲೋಹ, ಪಾದರಸ) ಸೇರಿದ ಔಷಧಿ ಇದ್ರೆ ಹಾಲುಣಿಸೋವಾಗ ಬೇಡವೇ ಬೇಡ.

ಹಾಳೆ ಮೇಲೆ ಬರೀಬೇಕಾದ್ದು: ಹೆರಿಗೆ ದಿನ, ನಾರ್ಮಲ್ಲೋ ಸಿಸೇರಿಯನ್ನೋ, ಬ್ಲೀಡಿಂಗ್ ನಿಂತಿದ್ಯಾ, ಹಾಲು ಕೊಡ್ತಿದ್ದೀರಾ, ಕಬ್ಬಿಣ, ಥೈರಾಯ್ಡ್, ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ಅಥವಾ ಇಂಜೆಕ್ಷನ್, ಲೇಹ್ಯಗಳು, ಅಲರ್ಜಿಗಳು. ಟೆಸ್ಟ್ ರಿಪೋರ್ಟ್‌ನ ಕೊರಿಯನ್ ಪ್ರತಿನೇ ಇಸ್ಕೊಳ್ಳಿ. ಲೇಹ್ಯದ ಡಬ್ಬದ ಲೇಬಲ್ ಫೋಟೋ ಹೊಡೆದು ಇಟ್ಕೊಳ್ಳಿ.

ನೋವನ್ನೂ ಒಂದು ವಾರ ಬರೆದಿಡಿ. ಯಾವ ಕೀಲು, ಎಷ್ಟೊತ್ತಿಗೆ, 10ಕ್ಕೆ ಎಷ್ಟು. ಈ ಅಂಕಿ ಇಲ್ದೆ ಹೋದ್ರೆ ತಿಂಗಳಾದ್ಮೇಲೆ ಗುಣ ಆಯ್ತೋ ಇಲ್ವೋ ಅಂತ ನಿಮಗೇ ಹೇಳೋಕಾಗಲ್ಲ.

ಹಂತ 3: ಎಲ್ಲಿಗೆ ಹೋಗ್ಬೇಕು

ಹನುಯಿವೊನ್ ಅಂದ್ರೆ ಬೀದಿ ಬೀದೀಲಿ ಇರೋ ಕ್ಲಿನಿಕ್, ಹನ್‌ಬಾಂಗ್ ಬ್ಯೊಂಗ್ವೊನ್ ಅಂದ್ರೆ ಆಸ್ಪತ್ರೆ. ಎರಡರಲ್ಲೂ ಇರೋ ಹನುಯಿಸಾ ಆರು ವರ್ಷ ಓದಿ ಸರ್ಕಾರಿ ಲೈಸೆನ್ಸ್ ತಗೊಂಡ ವೈದ್ಯರು. ಸಿಂಪಲ್ ಸೊಂಟ ನೋವಿಗೆ ಮನೆ ಹತ್ರದ ಕ್ಲಿನಿಕ್ ಸಾಕು, ಯಾಕಂದ್ರೆ ವಾರಕ್ಕೆ ಎರಡು ಸಲ ಹೋಗ್ಬೇಕಾಗುತ್ತೆ, ಕೈಕೂಸು ಬಿಟ್ಟು ಒಂದು ಗಂಟೆ ಬಸ್ಸಲ್ಲಿ ಹೋಗೋಕಾಗಲ್ಲ. ಲಕ್ಷಣ ಮೂರ್ನಾಲ್ಕು ಸೇರ್ಕೊಂಡಿದ್ರೆ ಅಥವಾ ಬೇರೆ ಕಾಯಿಲೆನೂ ಇದ್ರೆ ಹನ್‌ಬಾಂಗ್ ಬುಇನ್‌ಗ್ವಾ, ಅಂದ್ರೆ ಸ್ತ್ರೀರೋಗ ವಿಭಾಗ ಇರೋ ಆಸ್ಪತ್ರೆ ನೋಡಿ. ಸೋಲ್‌ನಲ್ಲಿ ಕ್ಯೊಂಗ್ಹೀ ಯೂನಿವರ್ಸಿಟಿಯ ಕೊರಿಯನ್ ವೈದ್ಯ ಆಸ್ಪತ್ರೆ ಅಂಥದ್ದು, ಪಕ್ಕದಲ್ಲೇ ಆಧುನಿಕ ಆಸ್ಪತ್ರೆನೂ ಇರೋದು ಅನುಕೂಲ.

ಮಾಡಬಾರದ ಒಂದು ಕೆಲಸ: ಸೋಲ್‌ನ ಜೆಗಿದೊಂಗ್ ಗಿಡಮೂಲಿಕೆ ಮಾರ್ಕೆಟ್‌ಗೆ ಹೋಗಿ ಯಾರೋ ಹೇಳಿದ ಬೇರು ಕಡ್ಡಿ ಕೊಂಡು ಮನೇಲಿ ಕುದಿಸೋದು. ಮಾರ್ಕೆಟ್ ಚೆನ್ನಾಗಿದೆ, ನೋಡೋಕೆ ಹೋಗಿ, ಆದ್ರೆ ಅಳತೆ ಗೊತ್ತಿಲ್ಲದೆ ಬಾಣಂತಿಗೆ ಕಷಾಯ ಹಾಕ್ಬೇಡಿ.

ದುಡ್ಡಿನ ವಿಷಯ. ಸೂಜಿ, ತ್ತುಮ್ (ಒಣ ಎಲೆ ಸುಟ್ಟು ಕೊಡೋ ಶಾಖ), ಕಪ್ಪಿಂಗ್ (ಬಟ್ಟಲು ಕೂರಿಸಿ ಚರ್ಮ ಎಳೆಯೋದು) ರಾಷ್ಟ್ರೀಯ ಇನ್ಶೂರೆನ್ಸ್‌ನಲ್ಲಿ ಬರುತ್ತೆ, ಸಾಮಾನ್ಯವಾಗಿ ಒಂದು ಸಲಕ್ಕೆ ಹತ್ತು ಸಾವಿರ ವೊನ್ ಆಸುಪಾಸು ನಮ್ಮ ಕೈಯಿಂದ. ಕೈಯಿಂದ ಮೂಳೆ ಸ್ನಾಯು ಸರಿ ಮಾಡೋ ಛುನಾಗೆ 2019ರ ಏಪ್ರಿಲ್‌ನಿಂದ ಇನ್ಶೂರೆನ್ಸ್ ಇದೆ, ವರ್ಷಕ್ಕೆ 20 ಸಲ ಮಾತ್ರ. ಪುಡಿ ರೂಪದ 56 ಬಗೆ ಸಿದ್ಧ ಔಷಧಿಗೂ ಇದೆ. ಕುದಿಸಿ ಪ್ಯಾಕ್ ಮಾಡಿ ಕೊಡೋ ಕಷಾಯಕ್ಕೆ ಮಾತ್ರ 2020ರ ನವೆಂಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಗಿ 2024ರಲ್ಲಿ ವಿಸ್ತಾರ ಆದ ಯೋಜನೆ ಇದೆ, ಅದರಲ್ಲಿ ಮುಟ್ಟಿನ ನೋವು, ಮುಖದ ಪಾರ್ಶ್ವವಾಯು, ಸೊಂಟದ ಡಿಸ್ಕ್ ಥರದ ಕೆಲವೇ ಕಾಯಿಲೆ ಸೇರಿವೆ, ಬಾಣಂತಿ ತೊಂದರೆ ಸೇರಿಲ್ಲ. ಹಾಗಾಗಿ ಪೂರ್ತಿ ದುಡ್ಡು ನಿಮ್ದೇ. ಗರ್ಭಿಣಿ ಆದಾಗ ಮಾಡಿಸಿದ, ಹೆರಿಗೆ ಖರ್ಚಿಗೆ ಸರ್ಕಾರದ ನೆರವು ಬರೋ ಕುಗ್ಮಿನ್ ಹೆಂಗ್ಬೊಕ್ ಕಾರ್ಡ್‌ನಲ್ಲಿ ಬ್ಯಾಲೆನ್ಸ್ ಉಳಿದಿದ್ರೆ ಇಲ್ಲಿ ನಡೆಯುತ್ತಾ ಅಂತ ಕೌಂಟರ್‌ನಲ್ಲೇ ಮೊದಲು ಕೇಳಿ.

ಹಂತ 4: ಮೊದಲ ಭೇಟೀಲಿ ಬಾಯಿಬಿಟ್ಟು ಹೇಳ್ಬೇಕಾದ್ದು

ಡಾಕ್ಟರ್ ನಾಡಿ ಹಿಡೀತಾರೆ, ನಾಲಿಗೆ ನೋಡ್ತಾರೆ, ಹೊಟ್ಟೆ ಒತ್ತಿ ನೋಡ್ತಾರೆ, ನಿದ್ದೆ, ಬೆವರು, ಮಲ ಎಲ್ಲ ಕೇಳ್ತಾರೆ. ಪಾಪಾಗೋ ಅನ್ನೋ ಅನುವಾದದ ಆ್ಯಪ್‌ನಲ್ಲಿ ಮಾತು ನಡೆಯುತ್ತೆ, ಆದ್ರೆ ಮುಖ್ಯವಾದ್ದನ್ನ ಮನೇಲೇ ಕೊರಿಯನ್‌ಗೆ ಮಾಡಿ ಪ್ರಿಂಟ್ ತಗೊಂಡು ಹೋಗಿ. ಎರಡು ಮಾತು ಬಾಯಿಪಾಠ ಇರಲಿ. ಮೋಯು ಸುಯು ಜುಂಗಿಯೆಯೊ, ಅಂದ್ರೆ ಎದೆಹಾಲು ಕೊಡ್ತಿದ್ದೀನಿ. ಛೇಶಿಕ್ ಹೆಯೊ, ಅಂದ್ರೆ ಸಸ್ಯಾಹಾರಿ.

ಈ ಎರಡನೇದು ನಮ್ಮೋರಿಗೆ ತುಂಬಾ ಮುಖ್ಯ, ಬಹಳ ಜನ ಕುಡಿದಾದ್ಮೇಲೆ ತಿಳ್ಕೊಂಡು ಅತ್ತಿದ್ದಾರೆ. ಬಾಣಂತಿಗೆ ಕೊಡೋ ಬಲವರ್ಧಕದಲ್ಲಿ ನೋಗ್ಯೊಂಗ್ ಅಂತ ಜಿಂಕೆ ಕೊಂಬು ಹಾಕೋದು ಮಾಮೂಲಿ, ಕತ್ತೆ ಚರ್ಮದಿಂದ ಮಾಡಿದ ಅಂಟು ಆಗ್ಯೊ ಇರಬಹುದು, ಚುಚ್ಚುಮದ್ದಿನ ಥರ ಹಾಕೋ ಯಾಕ್‌ಛಿಮ್‌ನಲ್ಲಿ ಜಾಹಾಗೊ ಅಂತ ಮನುಷ್ಯರ ಮಾಸಿನ ಸಾರ ಇರಬಹುದು. ಗಿಡಮೂಲಿಕೆ ಔಷಧಿ ಅಂತಾರಲ್ಲ, ಎಲ್ಲ ಗಿಡವೇ ಇರುತ್ತೆ ಅಂದ್ಕೊಳ್ಳೋದು ಸಹಜ. ಸಸ್ಯಾಹಾರಿ ಅಂದ್ರೆ ಊಟದ ವಿಷಯ ಅಂದ್ಕೊಂಡು ಡಾಕ್ಟರ್ ಮರೀಬಹುದು, ಆದ್ದರಿಂದ ನೋಗ್ಯೊಂಗ್, ಆಗ್ಯೊ, ಜಾಹಾಗೊ ಬೇಡ ಅಂತ ಹೆಸರು ಹಿಡಿದೇ ಹೇಳಿ. ಅವಿಲ್ಲದೆ ಬರೀ ಬೇರು ತೊಗಟೆಯ ಯೋಗಗಳು ಬೇಕಾದಷ್ಟಿವೆ, ದಂಗ್ವಿ, ಛೊನ್‌ಗುಂಗ್, ಜಾಗ್ಯಾಕ್, ಸುಕ್‌ಜಿಹ್ವಾಂಗ್ ನಾಲ್ಕೂ ಸೇರಿದ ಸಾಮುಲ್‌ತಾಂಗ್ ಪೂರ್ತಿ ಸಸ್ಯದ್ದೇ.

ಹಂತ 5: ಸೂಜಿಯಿಂದ ಶುರು ಮಾಡಿ

ಮೊದಲ ಎರಡು ಮೂರು ವಾರ ಬರೀ ಸೂಜಿ, ಬೇಕಿದ್ರೆ ಜೊತೆಗೆ ಬಿಸಿ. ಒಂದೇ ದಿನ ಸೂಜಿ, ಕಪ್ಪಿಂಗ್, ಛುನಾ, ಕಷಾಯ ಎಲ್ಲ ಶುರು ಮಾಡಿದ್ರೆ ಯಾವುದರಿಂದ ಗುಣ ಆಯ್ತು, ಯಾವುದರಿಂದ ಮೈ ಕೆಂಪಾಯ್ತು ಅಂತ ದೇವರಿಗೂ ಗೊತ್ತಾಗಲ್ಲ. ಬೆನ್ನು ಸೊಂಟ ನೋವಿಗೆ ಸೂಜಿ ಚಿಕಿತ್ಸೆ ಬಗ್ಗೆ ನಡೆದಿರೋ ಸಂಶೋಧನೆ ಬಾಣಂತಿ ಕಷಾಯದ ಬಗ್ಗೆ ನಡೆದಿರೋದಕ್ಕಿಂತ ಎಷ್ಟೋ ಹೆಚ್ಚು, ಹಾಲಿಗೆ ಏನೂ ಹೋಗಲ್ಲ, ಖರ್ಚೂ ಕಮ್ಮಿ. ಆದ್ದರಿಂದ ಇದೇ ಮೊದಲು.

ಮಗುಗೆ ಹಾಲು ಕುಡಿಸಿ, ನೀವೂ ಏನಾದ್ರೂ ತಿಂದು ಹೋಗಿ, ಖಾಲಿ ಹೊಟ್ಟೇಲಿ ಸೂಜಿ ಹಾಕಿಸ್ಕೊಂಡ್ರೆ ತಲೆ ಸುತ್ತುತ್ತೆ. 15–20 ನಿಮಿಷ ಮಲಗಿಸ್ತಾರೆ, ಕಾಲು ಮೊಣಕಾಲವರೆಗೂ ಎತ್ತೋಕೆ ಆಗೋ ಸಡಿಲ ಬಟ್ಟೆ ಇರಲಿ. ಸೂಜಿ ಪ್ಯಾಕೆಟ್ ನಿಮ್ಮೆದುರೇ ಒಡೀಬೇಕು. ಚೂರು ನೀಲಿಗಟ್ಟೋದು, ಅವತ್ತು ಮೈ ಭಾರ ಅನ್ನಿಸೋದು ಮಾಮೂಲಿ. ಭುಜ, ಮೇಲ್ಬೆನ್ನಿಗೆ ಹಾಕಿಸ್ಕೊಂಡ ಮೇಲೆ ಉಸಿರಾಡಿದ್ರೆ ಎದೇಲಿ ಚುಚ್ಚಿದಂಗಾಗೋದು ಮಾಮೂಲಿ ಅಲ್ಲ, ಶ್ವಾಸಕೋಶಕ್ಕೆ ತಾಗಿರಬಹುದು, ತಕ್ಷಣ ಎಮರ್ಜೆನ್ಸಿಗೆ ಹೋಗಿ.

ತ್ತುಮ್ ಅಂದ್ರೆ ಮಾಚಿಪತ್ರೆ ಜಾತಿಯ ಒಣ ಎಲೆ ಸುಟ್ಟು ಶಾಖ ಕೊಡೋದು. ಚಳಿ ಚಳಿ ಅನ್ನೋರಿಗೆ ಹಿತ. ಸಿಸೇರಿಯನ್ ಗಾಯದ ಮೇಲೆ, ಜೋಮು ಹಿಡಿದ ಜಾಗದ ಮೇಲೆ ಬೇಡ, ಬಿಸಿ ಗೊತ್ತಾಗದೆ ಬೊಬ್ಬೆ ಬರುತ್ತೆ. ರಕ್ತ ತೆಗೆಯೋ ಕಪ್ಪಿಂಗ್ ಹಿಮೋಗ್ಲೋಬಿನ್ ಕಮ್ಮಿ ಇರೋರಿಗೆ ಖಂಡಿತ ಬೇಡ, ಒಣ ಕಪ್ಪಿಂಗ್ ಪರವಾಗಿಲ್ಲ. ಕೆಳಗಿಂದ ಹಬೆ ತಗೊಳ್ಳೋ ಜ್ವಾಹುನ್ ಕೂಡ ಹೇಳ್ತಾರೆ, ಬ್ಲೀಡಿಂಗ್ ಪೂರ್ತಿ ನಿಂತು ಹೊಲಿಗೆ ಒಣಗಿ ಹೆರಿಗೆ ಡಾಕ್ಟರ್ ಸರಿ ಅನ್ನೋವರೆಗೂ ಅದರ ಹತ್ರ ಹೋಗ್ಬೇಡಿ. ಛುನಾ ಮಾಡಿಸೋರು ಕೀಲುಗಳು ಇನ್ನೂ ಸಡಿಲ ಇವೆ, ಮೃದುವಾಗಿ ಮಾಡಿ ಅಂತ ಹೇಳ್ಬೇಕು, ಲಟಲಟ ಅನ್ನಿಸೋದು ಬೇಕಿಲ್ಲ.

ಜೇನುನೊಣದ ವಿಷ ಹಾಕೋ ಬೊಂಗ್‌ಛಿಮ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಬಾಣಂತಿಗೆ ಬೇಡ. ಅದರ ಅಲರ್ಜಿ ನಿಮಿಷಗಳಲ್ಲಿ ಪ್ರಾಣಕ್ಕೆ ಬರಬಹುದು, 2018ರಲ್ಲಿ ಬುಛೊನ್‌ನಲ್ಲಿ ಒಬ್ಬ ಮಹಿಳೆ ಹೀಗೇ ತೀರಿಕೊಂಡ್ರು. ಸೊಂಟ ನೋವಿಗೆ ಅಷ್ಟು ದೊಡ್ಡ ಅಪಾಯ ಯಾಕೆ.

ಹಂತ 6: ಕಷಾಯ, ಬೇಕೇ ಬೇಕು ಅಂದ್ರೆ

ಇಲ್ಲಿ ಅವರದ್ದೇ ಆದ ಒಂದು ಕ್ರಮ ಇದೆ, ಅದನ್ನ ಮುರಿದಾಗಲೇ ಹೆಚ್ಚು ಜನ ಎಡವೋದು. ಕೊರಿಯನ್ ವೈದ್ಯ ಪದ್ಧತಿ ಪ್ರಕಾರ ಹೆರಿಗೆ ಆದಮೇಲೆ ಮೊದಲು ಒಳಗೆ ಉಳಿದ ಕೆಟ್ಟ ರಕ್ತ ಹೊರಗೆ ಹೋಗ್ಬೇಕು, ಆಮೇಲೆ ಖಾಲಿಯಾದ ರಕ್ತ ಶಕ್ತಿ ತುಂಬ್ಬೇಕು, ಆಮೇಲೆ ಉಳಿದ ನೋವಿಗೆ ಮದ್ದು. ಮೊದಲ ವಾರಗಳಲ್ಲಿ ಸೆಂಗ್ಹ್ವಾತಾಂಗ್, ಆಮೇಲೆ ಸಾಮುಲ್‌ತಾಂಗ್ ಅಥವಾ ಸಿಪ್‌ಜೊನ್‌ದೆಬೊತಾಂಗ್ ಥರದ್ದು. ಅತ್ತೆ, ನಾದಿನಿ, ಆಫೀಸಿನ ಕೊರಿಯನ್ ಗೆಳತಿ ಗಿಫ್ಟ್ ಕೊಟ್ಟ ಬಲವರ್ಧಕವನ್ನ ಬ್ಲೀಡಿಂಗ್ ಇನ್ನೂ ಇರುವಾಗಲೇ ಕುಡಿಯೋದು ಅವರ ಶಾಸ್ತ್ರಕ್ಕೇ ವಿರುದ್ಧ. ಹಂಗೇ ಜೋರು ಬ್ಲೀಡಿಂಗ್ ಅಥವಾ ಜ್ವರ ಇರುವಾಗ ಸೆಂಗ್ಹ್ವಾತಾಂಗ್ ಕುಡೀಬಾರದು, ಆಗ ಹೋಗ್ಬೇಕಾದ್ದು ಹೆರಿಗೆ ಆಸ್ಪತ್ರೆಗೆ.

ದುಡ್ಡು ಕೊಡೋ ಮುಂಚೆ ಒಳಗೆ ಏನೇನಿದೆ ಅಂತ ಪಟ್ಟಿ ಕೇಳಿ, ಬರೆದು ಕೊಡಲ್ಲ ಅಂದ್ರೆ ಎದ್ದು ಬನ್ನಿ. ಪಟ್ಟೀಲಿ ಈ ಐದು ಹುಡುಕಿ.

ದೆಹ್ವಾಂಗ್, ಅಂದ್ರೆ ರುಬಾರ್ಬ್ ಬೇರು, ಹಾಲಿನ ಮೂಲಕ ಹೋಗಿ ಮಗುಗೆ ಭೇದಿ ಆಗಬಹುದು. ಮಾಹ್ವಾಂಗ್ ತೂಕ ಇಳಿಸೋ ಕಷಾಯಗಳಲ್ಲಿ ಇರುತ್ತೆ, ಅದರಲ್ಲಿರೋ ಎಫೆಡ್ರಿನ್ ನಿಮ್ಮ ಎದೆ ಬಡಿತ ಬಿಪಿ ಏರಿಸುತ್ತೆ, ಹಾಲು ಕುಡಿಯೋ ಮಗು ನಿದ್ದೆ ಬಿಟ್ಟು ಕಿರಿಕಿರಿ ಮಾಡುತ್ತೆ. ಬಾಣಂತಿ ನೋವಿಗೆ ಅಂತ ಹೋದವರಿಗೆ ತೂಕನೂ ಇಳಿಯುತ್ತೆ ಅಂತ ಸೇರಿಸಿ ಮಾರೋದು ಇದೆ, ಹಾಲುಣಿಸೋವಾಗ ಖಡಾಖಂಡಿತ ಬೇಡ. ಮೆಗಾ, ಅಂದ್ರೆ ಮೊಳಕೆ ಬಾರ್ಲಿ, ಹಾಲು ಬತ್ತಿಸೋಕೆ ಕೊಡೋದು, ಹಾಲು ಬೇಕು ಅನ್ನೋರಿಗೆ ಸಲ್ಲದು. ಗಮ್ಛೊ ನಮ್ಮ ಅತಿಮಧುರವೇ, ಹೆಚ್ಚು ದಿನ ತಗೊಂಡ್ರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತೆ, ಬಿಪಿ ಇದ್ದೋರು ಹುಷಾರು. ದಂಗ್ವಿ ಒಳ್ಳೇದೇ, ಆದ್ರೆ ರಕ್ತ ತೆಳು ಮಾಡೋ ಔಷಧಿ ಮೇಲೆ ಇರೋರಿಗೆ ಅಲ್ಲ.

ಮೊದಲ ಸಲ 10–15 ದಿನಕ್ಕಷ್ಟೇ ತಗೊಳ್ಳಿ, ಮೂರು ತಿಂಗಳದ್ದು ಒಟ್ಟಿಗೆ ದುಡ್ಡು ಕಟ್ಟಿದ್ರೆ ಡಿಸ್ಕೌಂಟ್ ಅಂದ್ರೂ ಬೇಡ. ಬೆಳಗ್ಗೆ ಹೊತ್ತು ಶುರು ಮಾಡಿ, ಎರಡು ಮೂರು ದಿನ ಮಗುವಿನ ಮಲ, ಮೈಮೇಲೆ ಗುಳ್ಳೆ, ನಿದ್ದೆ ಗಮನಿಸಿ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ಜೊತೆಗೇ ಕುಡೀಬೇಡಿ, ಎಷ್ಟು ಗಂಟೆ ಅಂತರ ಬೇಕು ಅಂತ ಇಬ್ಬರು ಡಾಕ್ಟರಿಗೂ ಕೇಳಿ. ಪ್ಯಾಕೆಟ್ ಫ್ರಿಜ್‌ನಲ್ಲಿಟ್ಟು ಬಿಸಿ ನೀರಲ್ಲಿ ಇಳಿಬಿಟ್ಟು ಬೆಚ್ಚಗೆ ಮಾಡಿ, ಉಬ್ಬಿರೋ ಪ್ಯಾಕೆಟ್ ಎಸೀರಿ.

ಕಣ್ಣು ಹಳದಿ, ಮೂತ್ರ ಟೀ ಬಣ್ಣ, ಮೈ ತುರಿಕೆ, ವಾಕರಿಕೆ, ಬಲಪಕ್ಕೆ ಕೆಳಗೆ ನೋವು. ಇದರಲ್ಲಿ ಒಂದು ಕಂಡ್ರೂ ಕಷಾಯ ನಿಲ್ಲಿಸಿ ಅವತ್ತೇ ಲಿವರ್ ಟೆಸ್ಟ್ ಮಾಡಿಸಿ, ಮೊದಲೇ ಮಾಡಿಸಿಟ್ಟ ರಿಪೋರ್ಟ್ ಆಗ ಕೆಲಸಕ್ಕೆ ಬರುತ್ತೆ. ಮೈ ಒಗ್ಗಿಕೊಳ್ತಿದೆ, ಇನ್ನೂ ಕುಡೀರಿ ಅಂತ ಯಾರೇ ಹೇಳಿದ್ರೂ ಕೇಳ್ಬೇಡಿ.

ಹಂತ 7: ಮನೇಲಿ

ತಣ್ಣೀರು, ಗಾಳಿ ಬೇಡ ಅನ್ನೋದು ಅವರಲ್ಲೂ ನಮ್ಮಲ್ಲೂ ಒಂದೇ. ಕಾಲುಚೀಲ, ಉದ್ದ ತೋಳಿನ ಹತ್ತಿ ಬಟ್ಟೆ ಹಾಕ್ಕೊಳ್ಳಿ ಸರಿ, ಆದ್ರೆ ಒಂದೋಲ್ ನೆಲ ಕಾಯಿಸಿ ಮೇಲೆ ರಜಾಯಿ ಹೊದ್ದು ಬೆವರಿಳಿಸಿದ್ರೆ ಆ ಬೆವರು ಆರುವಾಗಲೇ ಚಳಿ ಹಿಡಿಯೋದು, ಮಗುಗೂ ಅಷ್ಟು ಬಿಸಿ ಒಳ್ಳೇದಲ್ಲ. ಬೆಚ್ಚಗಿರಿ, ಬೆವರಬೇಡಿ.

ಮಿಯೊಕ್‌ಗುಕ್, ಅಂದ್ರೆ ಸಮುದ್ರಪಾಚಿ ಸಾರು, ಬಾಣಂತನ ಮಾಡೋ ಕೇಂದ್ರಗಳಾದ ಸನ್‌ಹುಜೊರಿವೊನ್‌ನಲ್ಲಿ ಮೂರು ಹೊತ್ತೂ ಕೊಡ್ತಾರೆ. ಅದರಲ್ಲಿ ಅಯೋಡಿನ್ ಬಹಳ, ಥೈರಾಯ್ಡ್ ತೊಂದರೆ ಇದ್ದೋರು ಡಾಕ್ಟರ್ ಕೇಳಿ ಮಿತಿ ಹಾಕ್ಕೊಳ್ಳಿ. ಗೋಮಾಂಸ ಇಲ್ಲಾ ಒಣಮೀನಿನ ಸಾರಲ್ಲಿ ಮಾಡೋದು ವಾಡಿಕೆ, ಬೇಡದವರು ದುಲ್ಕೆ, ಅಂದ್ರೆ ಪೆರಿಲ್ಲಾ ಬೀಜದ ಪುಡಿ ಹಾಕಿದ್ದು ಕೇಳಿ, ಚೆನ್ನಾಗೇ ಇರುತ್ತೆ.

ನೋವಿಗೆ ಪೂರ್ತಿ ಮಲಗೋದೂ ಮದ್ದಲ್ಲ. ನಡೆಯಿರಿ, ಮೂತ್ರ ತಡೆದ ಹಾಗೆ ತಳದ ಸ್ನಾಯು ಬಿಗಿ ಹಿಡಿದು ಬಿಡೋ ವ್ಯಾಯಾಮ ದಿನಾ ಮಾಡಿ. ನೆಲದ ಮೇಲೆ ಕೂತು ಮಗು ಬಟ್ಟೆ ಬದಲಿಸೋದು ಬಿಟ್ಟು ಸೊಂಟದೆತ್ತರದ ಮೇಜಿನ ಮೇಲೆ ಮಾಡಿ, ಎಷ್ಟೋ ಸೊಂಟ ನೋವು ಇದರಲ್ಲೇ ಹೋಗುತ್ತೆ.

ಹಂತ 8: ಮುಂದುವರ್ಸೋದೋ ನಿಲ್ಲಿಸೋದೋ

ಸೂಜಿ ಶುರು ಮಾಡಿ ನಾಲ್ಕು ವಾರಕ್ಕೆ ಹಂತ 2ರ ಹಾಳೆ ತೆಗೀರಿ. ನೋವು 7ರಿಂದ 4ಕ್ಕೆ ಬಂದಿದ್ರೆ ಮುಂದುವರ್ಸಿ, ವಾರಕ್ಕೆ ಎರಡಿದ್ದದ್ದನ್ನ ಒಂದು ಮಾಡಿ, ಆಮೇಲೆ ಹದಿನೈದು ದಿನಕ್ಕೊಂದು. 7 ಇದ್ದದ್ದು 7ರಲ್ಲೇ ಇದ್ರೆ ಇನ್ನೊಂದು ಕಷಾಯ, ಇನ್ನೊಂದು ಪ್ಯಾಕೇಜ್ ಅಂತ ಹೋಗದೆ ಮೂಳೆ ಡಾಕ್ಟರ್ ಅಥವಾ ಫಿಸಿಯೋಥೆರಪಿ ಕಡೆ ತಿರುಗಿ. ಕಾಲಿಗೆ ಜೋಮು ಏರ್ತಿದ್ರೆ, ಪಾದ ಎತ್ತೋಕಾಗದೆ ಇದ್ರೆ, ಮೂತ್ರ ಮಲ ಹಿಡಿತ ತಪ್ಪಿದ್ರೆ ನಾಲ್ಕು ವಾರ ಕಾಯೋ ಹಾಗೇ ಇಲ್ಲ, ಅವತ್ತೇ ಆಸ್ಪತ್ರೆಗೆ ಹೋಗಿ.

ಚಳಿ, ಸುಸ್ತು ಕಮ್ಮಿ ಆಗದೇ ಇದ್ರೆ ಥೈರಾಯ್ಡ್ ಟೆಸ್ಟ್ ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿ, ಮೊದಲ ಸಲ ನಾರ್ಮಲ್ ಬಂದದ್ದು ಆಮೇಲೆ ಏರುಪೇರಾಗೋದು ಇದರಲ್ಲಿ ಇದ್ದದ್ದೇ. ಕುಡಿಯದೆ ಉಳಿದ ಕಷಾಯವನ್ನ ಇನ್ನೊಬ್ಬ ಬಾಣಂತಿಗೆ ಕೊಡ್ಬೇಡಿ, ಅದು ನಿಮ್ಮ ನಾಡಿ ನೋಡಿ ನಿಮಗೆ ಅಂತ ಕುದಿಸಿದ್ದು.